ದೂಧಸಾಗರ ಮಾದರಿ ರೈಲು ಲೇಔಟ್: ಮಳೆ ಶುರುವಾದ ಮೇಲೆ ಸೇತುವೆ ಹತ್ತಿರ ಕೋಚ್ ಹಳಿ ತಪ್ಪುತ್ತಿದೆ

ಲೋಂಡಾ ಹುಡುಗ, ಡೊಂಬಿವಲಿ
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ನಿದ್ದೆ ಸರಿಯಾಗಿಲ್ಲ, ಯಾರಾದರೂ ದಾರಿ ತೋರಿಸಿ.

ನಮ್ಮದು ಒಂದು ಬೆಡ್‌ರೂಮಿನ ಮನೆ. ಹಾಲ್‌ನಲ್ಲಿ ಕಿಟಕಿ ಪಕ್ಕ 8 ಅಡಿ ಉದ್ದ, 4 ಅಡಿ ಅಗಲದ ಹಲಗೆ ಮೇಲೆ ಎಚ್‌ಓ (ನಿಜದ 87ರಲ್ಲಿ ಒಂದು ಪಾಲು) ಮಾದರಿ ರೈಲಿನ ಲೇಔಟ್ ಮಾಡಿದ್ದೇನೆ. ಮುಂದೆ ಕುಳೇಂ ಸ್ಟೇಷನ್, ಹಿಂದೆ ದೂಧಸಾಗರ ಜಲಪಾತದ ಸೇತುವೆ. ಅಪ್ಪ ಮೀಟರ್‌ಗೇಜ್ ಕಾಲದಲ್ಲಿ ಆ ಘಾಟಿಯಲ್ಲಿ ಗಾರ್ಡ್ ಆಗಿದ್ದರು. ಈಗ ಅವರಿಗೆ ಮಂಡಿ ನೋವು, ಅಲ್ಲಿಗೆ ಕರ್ಕೊಂಡು ಹೋಗೋದು ಕಷ್ಟ. ಅದಕ್ಕೇ ಘಾಟಿಯನ್ನೇ ಮನೆಗೆ ತರೋಣ ಅಂತ ಎರಡು ವರ್ಷದಿಂದ ಕೂತು ಮಾಡುತ್ತಿದ್ದೇನೆ. ಏರು ಕೂಡ ನಿಜದ ಹಾಗೇ ಇರಲಿ ಅಂತ 37ಕ್ಕೆ 1 ಇಟ್ಟಿದ್ದೇನೆ.

ಮೇ ಕೊನೆವರೆಗೆ ಚೆನ್ನಾಗಿ ಓಡುತ್ತಿತ್ತು. ಜೂನ್ ಎರಡನೇ ವಾರದಿಂದ ಸೇತುವೆಗೆ ಒಂದು ಗೇಣು ಮುಂಚೆ ಕೋಚ್ ಹಳಿ ತಪ್ಪುತ್ತಿದೆ. ಏರುವಾಗ ಜಾಸ್ತಿ, ಇಳಿಯುವಾಗ ಕಡಿಮೆ. ಈಗಿನ ಕಾಲದ ಉದ್ದನೆಯ ಎಲ್‌ಎಚ್‌ಬಿ ಕೋಚ್ ಐದು, ಆರು ಆಕ್ಸಲ್‌ನ ಡೀಸೆಲ್ ಇಂಜಿನ್. ತಿರುವುಗಳ ರೇಡಿಯಸ್ 18 ಇಂಚು. ಸೇತುವೆ ಹತ್ತಿರ ಎಡಕ್ಕೆ ತಿರುಗಿ ತಕ್ಷಣ ಬಲಕ್ಕೆ ತಿರುಗುತ್ತದೆ. ಇಂಜಿನ್‌ನದ್ದೇ ದೋಷ ಅಂತ ನನ್ನ ಅನುಮಾನ, ಬದಲಾಯಿಸಲೇ?

ಕೋಥ್ರುಡ್ ಎನ್‌ಸ್ಕೇಲ್
ಇಂಜಿನ್ ಬದಲಾಯಿಸಬೇಡಿ. ದುಡ್ಡು ದಂಡ.

ಠಾಣೆಯ ಅಕ್ಕ
ಮೊದಲು ಒಂದು ಕೇಳ್ತೀನಿ. ತಪ್ಪೋದು ಪ್ರತಿ ಸಲ ಒಂದೇ ಕೋಚಾ, ಒಂದೇ ಜಾಗವಾ? ಒಂದೇ ಜಾಗವಾದರೆ ಹಳಿ ನೋಡಿ. ಒಂದೇ ಕೋಚ್ ಆದರೆ ಚಕ್ರ ನೋಡಿ. ಜಾಗವೂ ಬೇರೆ ಕೋಚೂ ಬೇರೆ ಆದರೆ ಮಾತ್ರ ಇಂಜಿನ್, ವೇಗ ಅಂತ ಯೋಚಿಸಿ. ಹದಿನೈದು ವರ್ಷದಲ್ಲಿ ಈ ಲೆಕ್ಕ ನನಗೆ ಒಂದು ಸಲವೂ ಕೈಕೊಟ್ಟಿಲ್ಲ.

ಲೋಂಡಾ ಹುಡುಗ, ಡೊಂಬಿವಲಿ
ಈಗಷ್ಟೇ ಹತ್ತು ಸುತ್ತು ಓಡಿಸಿ ಬರೆದಿಟ್ಟೆ ಅಕ್ಕ. ಏಳು ಸಲ ತಪ್ಪಿತು. ಏಳೂ ಒಂದೇ ಜಾಗ. ಐದು ಸಲ ಇಂಜಿನ್ ಹಿಂದಿನ ಮೊದಲ ಕೋಚ್, ಎರಡು ಸಲ ಎರಡನೆಯದು. ಒಳಗಡೆಗೇ ಬೀಳುತ್ತದೆ.

ಕರ್ಜತ್ ಬ್ಯಾಂಕರ್
ಒಳಗಡೆಗೆ ಬೀಳುತ್ತದೆ ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಏರಿನಲ್ಲಿ ಇಂಜಿನ್ ಮುಂದಕ್ಕೆ ಎಳೆಯುತ್ತದೆ, ಹಿಂದಿನ ಕೋಚ್‌ಗಳ ಭಾರ ಹಿಂದಕ್ಕೆ ಜಗ್ಗುತ್ತದೆ. ನಡುವೆ ಸಿಕ್ಕಿದ ಮೊದಲ ಕೋಚ್ ಬಿಗಿದ ದಾರದ ಹಾಗೆ ನೆಟ್ಟಗಾಗಲು ನೋಡುತ್ತದೆ. ತಿರುವಿನಲ್ಲಿ ನೆಟ್ಟಗಾಗೋದು ಅಂದ್ರೆ ಒಳಕ್ಕೆ ಬೀಳೋದು. ಕೋಚ್ ಹಗುರ ಇದ್ದಷ್ಟೂ ಬೇಗ ಬೀಳುತ್ತದೆ. ನಿಮ್ಮ ಕೋಚ್ ಎಷ್ಟು ಗ್ರಾಂ?

ಇನ್ನೊಂದು ಮಾತು. 37ಕ್ಕೆ 1 ಅಂದರೆ 2.7 ಶೇಕಡಾ. ಅದು ನೇರ ಹಳಿಗೆ. ತಿರುವಿನ ಉಜ್ಜಾಟಕ್ಕೆ ಎಚ್‌ಓದಲ್ಲಿ ಒಂದು ಅಂದಾಜು ಲೆಕ್ಕ ಇದೆ: 32ನ್ನು ಇಂಚಿನ ರೇಡಿಯಸ್‌ನಿಂದ ಭಾಗಿಸಿ. 18 ಇಂಚಿಗೆ ಸುಮಾರು 1.8 ಬರುತ್ತದೆ. ಎರಡೂ ಕೂಡಿಸಿದರೆ ನಿಮ್ಮ ಇಂಜಿನ್‌ಗೆ ಅನ್ನಿಸುವ ಏರು ನಾಲ್ಕೂವರೆ ಶೇಕಡಾ! ಭೋರ್ ಘಾಟಿನ ಏರೂ 37ಕ್ಕೆ 1 ತಾನೇ, ಅಲ್ಲಿ ಕರ್ಜತ್‌ನಲ್ಲಿ ಹಿಂದಿನಿಂದ ತಳ್ಳಲು ಇಂಜಿನ್ ಜೋಡಿಸುತ್ತಾರೆ. ನೀವೂ ಒಂದು ಬ್ಯಾಂಕರ್ ಹಚ್ಚಿ ನೋಡಿ.

ಮಾಟುಂಗಾ ವೈರಿಂಗ್
ಬ್ಯಾಂಕರ್ ಹಚ್ಚಿದರೆ ಎರಡು ಇಂಜಿನ್ ವೇಗ ಹೊಂದಿಸಬೇಕು. ಹೊಂದದಿದ್ದರೆ ಈಗ ಒಳಗೆ ಬೀಳೋದು ಆಮೇಲೆ ಹೊರಗೆ ಬೀಳುತ್ತದೆ. ಮೊದಲು ರೋಗ ಗೊತ್ತಾಗಲಿ, ಆಮೇಲೆ ಔಷಧ.

ಕೋಥ್ರುಡ್ ಎನ್‌ಸ್ಕೇಲ್
ಮೂಲದಲ್ಲೇ ತಪ್ಪಿದೆ, ಬೇಜಾರು ಮಾಡ್ಕೋಬೇಡಿ. ಎಲ್‌ಎಚ್‌ಬಿ ಕೋಚ್ ನಿಜದಲ್ಲಿ 23.54 ಮೀಟರ್. 87ರಿಂದ ಭಾಗಿಸಿದರೆ 270 ಮಿ.ಮೀ. ತಿರುವಿನ ರೇಡಿಯಸ್ ಅತಿ ಉದ್ದದ ಕೋಚ್‌ನ ಮೂರು ಪಟ್ಟಾದರೂ ಇರಬೇಕು ಅನ್ನೋದು ರೂಢಿ. ಅಂದರೆ 810 ಮಿ.ಮೀ. ನಿಮ್ಮ ಹತ್ತಿರ ಇರುವುದು 457. ನಾಲ್ಕು ಅಡಿ ಹಲಗೆಯಲ್ಲಿ 810 ಎಲ್ಲಿಂದ ತರ್ತೀರಿ?

ಅದೇ ಎನ್ ಸ್ಕೇಲ್ ಆಗಿದ್ದರೆ? 160ರಿಂದ ಭಾಗಿಸಿ. ಕೋಚ್ 147 ಮಿ.ಮೀ., ಮೂರು ಪಟ್ಟು 441. ನಿಮ್ಮ ಹಲಗೆಯಲ್ಲಿ ಆರಾಮಾಗಿ ಕೂರುತ್ತದೆ. ಇನ್ನು ಜಲಪಾತ. ದೂಧಸಾಗರ 310 ಮೀಟರ್ ಎತ್ತರ. ಎಚ್‌ಓದಲ್ಲಿ ಮೂರೂವರೆ ಮೀಟರ್, ಡೊಂಬಿವಲಿಯ ಛಾವಣಿ ಒಡೆದು ಮೇಲಿನ ಮನೆಗೆ ಹೋಗಬೇಕು. ಎನ್‌ನಲ್ಲಿ ಎರಡು ಮೀಟರ್‌ನೊಳಗೆ ಬರುತ್ತದೆ. ನಮ್ಮಂಥ ಫ್ಲ್ಯಾಟಿನವರಿಗೆ ಎನ್ ಸ್ಕೇಲೇ ಸರಿ ಅಂತ ಹತ್ತು ವರ್ಷದಿಂದ ಹೇಳ್ತಾ ಇದ್ದೇನೆ.

ವಾಸ್ಕೋ ಮೀಟರ್‌ಗೇಜ್
ಎನ್‌ನಲ್ಲಿ ನಮ್ಮ ಗಾಡಿಗಳು ಎಲ್ಲಿ ಸಿಗುತ್ತವೆ ಮಾರಾಯ್ರೆ? ಎಲ್ಲವನ್ನೂ ತ್ರೀಡಿ ಪ್ರಿಂಟ್ ಮಾಡಿಸಿ, ಒಳಗೆ ಜಪಾನಿನ ಚಾಸಿ ಹುಡುಕಿ ಕೂರಿಸಬೇಕು. ಅವರ ಅಪ್ಪನಿಗೆ ಕಾಣಬೇಕಲ್ವಾ? ವಯಸ್ಸಾದ ಕಣ್ಣಿಗೆ ಎನ್ ಸ್ಕೇಲಿನ ಕೋಚ್ ನಂಬರ್ ಕಾಣುವುದಿಲ್ಲ.

ನನ್ನ ಮಾತು ಕೇಳುವುದಾದರೆ, ನಿಮ್ಮ ತಂದೆ ಮೀಟರ್‌ಗೇಜ್‌ನವರು. ಆ ದಾರಿ 1888ರಿಂದ ತೊಂಬತ್ತರ ದಶಕದವರೆಗೆ ಮೀಟರ್‌ಗೇಜ್ ಆಗಿತ್ತು. ಎಲ್‌ಎಚ್‌ಬಿ ಬಿಡಿ, 12 ಮಿ.ಮೀ. ಹಳಿ ಹಾಕಿ ಆ ಕಾಲದ ಗಾಡಿ ಓಡಿಸಿ. 87ರಿಂದ ಗುಣಿಸಿದರೆ 1044, ಮೀಟರ್‌ಗೆ ಎಷ್ಟು ಹತ್ತಿರ ನೋಡಿ. ನಿಮ್ಮ ಬ್ರಾಡ್‌ಗೇಜ್ ಎಚ್‌ಓ ಇದೆಯಲ್ಲ, ಅದರ 16.5 ಮಿ.ಮೀ. ಹಳಿ ಯುರೋಪಿನ 1435ರ ಲೆಕ್ಕದ್ದು. ನಮ್ಮ 1676ಕ್ಕೆ 19 ಮಿ.ಮೀ. ಮೀರಿ ಬೇಕು. ಹಿಂದಿನಿಂದ ನೋಡಿದರೆ ದೊಡ್ಡ ಕೋಚ್ ಸಣ್ಣ ಕಾಲಿನ ಮೇಲೆ ನಿಂತ ಹಾಗೆ.

ಕರ್ಜತ್ ಬ್ಯಾಂಕರ್
ಮತ್ತೆ ಗೇಜ್ ಜಗಳ ಶುರು. ಅವರು ಕೇಳಿದ್ದು ಹಳಿ ತಪ್ಪೋದರ ಬಗ್ಗೆ.

ವಾಸ್ಕೋ ಮೀಟರ್‌ಗೇಜ್
ಜಗಳ ಅಲ್ಲ, ಇದ್ದದ್ದು ಹೇಳಿದೆ. ಸಿದ್ಧ ಮೀಟರ್‌ಗೇಜ್ ಗಾಡಿ ಸಿಗುವುದು ಕಷ್ಟ, ಅದನ್ನೂ ಒಪ್ಪುತ್ತೇನೆ. ನಾನು ನಾಲ್ಕು ಕೋಚ್ ಕೈಯಲ್ಲೇ ಮಾಡಿದೆ, ಎರಡು ಮಳೆಗಾಲ ಹಿಡಿಯಿತು.

ಲೋಂಡಾ ಹುಡುಗ, ಡೊಂಬಿವಲಿ
ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಬೋಗಿ ಒಂದೊಂದು 112 ಗ್ರಾಂ. ಎನ್ ಸ್ಕೇಲ್‌ಗೆ ಈಗ ಹೋಗಲಾರೆ, ಅಪ್ಪನಿಗೆ ಕಾಣೋದೇ ಮುಖ್ಯ. ಎಲ್‌ಎಚ್‌ಬಿ ಇರಲಿ ಅಂದಿದ್ದೂ ಅವರೇ, ಮೊಮ್ಮಗ ಈಗ ಕೂರುವ ಗಾಡಿ ಅದು ಅಂತ.

ನಿವೃತ್ತ ಪಿಡಬ್ಲ್ಯೂಐ, ಪಿಂಪ್ರಿ
ತಮ್ಮಾ, ನೀವು ಗಾರ್ಡ್ ಸಾಹೇಬರ ಮಗ. ಕೋಚ್‌ಗೆ ಬೋಗಿ ಅನ್ನಬಾರದು. ಬೋಗಿ ಅಂದರೆ ಕೆಳಗಿರುವ ನಾಲ್ಕು ಚಕ್ರದ ಚೌಕಟ್ಟು. ಊರೆಲ್ಲ ಕೋಚ್‌ಗೆ ಬೋಗಿ ಅನ್ನುತ್ತದೆ, ನಾವು ಅನ್ನಬಾರದು.

ಈಗ ಕೆಲಸದ ಮಾತು. ನಾನು ಪಿಡಬ್ಲ್ಯೂಐ, ಅಂದರೆ ಹಳಿ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಆಗಿ ಮೂವತ್ತೆರಡು ವರ್ಷ ಹಳಿ ಮೇಲೆ ನಡೆದವನು. ಮಗನ ಮನೆಗೆ ಬಂದ ಮೇಲೆ ಮೊಮ್ಮಗಳ ಜೊತೆ ಈ ಆಟ ಹಿಡಿದೆ. ಎಲ್ಲರೂ ಕೋಚ್ ಅಳೆದಿರಿ, ತೂಕ ನೋಡಿದಿರಿ. ಹಳಿ ಯಾರಾದರೂ ಅಳೆದಿರಾ? ಅವರು 18 ಇಂಚು ಅಂದರು, ನೀವೆಲ್ಲ ನಂಬಿದಿರಿ. 18 ಇಂಚು ಅನ್ನೋದು ಅವರು ಪೆನ್ಸಿಲ್‌ನಲ್ಲಿ ಎಳೆದ ಗೆರೆ. ಹಳಿ ಈಗ ಎಲ್ಲಿ ಕೂತಿದೆ ಅನ್ನೋದು ಬೇರೆ ವಿಷಯ.

ನಾವು ತಿರುವು ಪರೀಕ್ಷೆ ಮಾಡೋದು ದಾರದಿಂದ. ಹೊರಗಿನ ಹಳಿಯ ಒಳಮೈಗೆ 20 ಮೀಟರ್ ದಾರ ಬಿಗಿಯಾಗಿ ಹಿಡಿದು, ನಟ್ಟನಡುವೆ ದಾರಕ್ಕೂ ಹಳಿಗೂ ಎಷ್ಟು ಅಂತರ ಅಂತ ಸ್ಕೇಲ್ ಇಟ್ಟು ನೋಡುತ್ತೇವೆ. ಅದಕ್ಕೆ ವರ್ಸೈನ್ ಅನ್ನುತ್ತೇವೆ. ಹತ್ತು ಮೀಟರ್ ಮುಂದೆ ಹೋಗಿ ಮತ್ತೆ ಅಳತೆ. ತಿರುವು ಸರಿ ಇದ್ದರೆ ಎಲ್ಲ ಕಡೆ ಒಂದೇ ಸಂಖ್ಯೆ ಬರುತ್ತದೆ. ಎಲ್ಲಿ ಸಂಖ್ಯೆ ಹಾರುತ್ತದೋ ಅಲ್ಲಿ ಸೊಟ್ಟ.

ನೀವು 200 ಮಿ.ಮೀ. ದಾರ ತಗೊಳ್ಳಿ. ಹೊಲಿಗೆ ದಾರ ಸಾಕು. 457 ರೇಡಿಯಸ್‌ಗೆ ನಡುವೆ 11 ಮಿ.ಮೀ. ಹತ್ತಿರ ಬರಬೇಕು. ಪ್ರತಿ 100 ಮಿ.ಮೀ.ಗೆ ಒಂದು ಗುರುತು ಹಾಕಿ, ಸೇತುವೆವರೆಗೆ ಅಳೆದು ಇಲ್ಲಿ ಬರೆಯಿರಿ. ಗಾಡಿ ನಿಲ್ಲಿಸಿ ಅಳೆಯಿರಿ, ಅವಸರ ಬೇಡ.

ಠಾಣೆಯ ಅಕ್ಕ
ಸರ್, ಇದನ್ನು ಇಷ್ಟು ದಿನ ಯಾಕೆ ಹೇಳಲಿಲ್ಲ! ನಾನು ರಟ್ಟು ಕತ್ತರಿಸಿ ಅಚ್ಚು ಮಾಡಿ ಇಟ್ಟು ನೋಡ್ತಿದ್ದೆ. ದಾರ ಎಷ್ಟು ಸುಲಭ.

ಮಡಗಾಂವ್ ಶೆಟ್ಟಿ
ನಾನು ಇವತ್ತೇ ಅಳೆಯುತ್ತೇನೆ. ಹೋಟೆಲ್ ಮುಚ್ಚಿದ ಮೇಲೆ.

ಲೋಂಡಾ ಹುಡುಗ, ಡೊಂಬಿವಲಿ
ಸರ್, ಕೈ ನಡುಗುತ್ತಿದೆ ಬರೆಯುವಾಗ. ಎಡ ತಿರುವಿನ ಶುರುವಿನಿಂದ: 11, 11, 10, 11, 15, 16. ಅಲ್ಲಿಂದ ತಟ್ಟನೆ ಆಚೆ ಬದಿಗೆ ಹೋಗುತ್ತದೆ. 15, 16 ಬಂದದ್ದು ಕೋಚ್ ಬೀಳುವ ಜಾಗದಲ್ಲೇ.

ನಿವೃತ್ತ ಪಿಡಬ್ಲ್ಯೂಐ, ಪಿಂಪ್ರಿ
15 ಅಂದರೆ ಅಲ್ಲಿ ರೇಡಿಯಸ್ 333 ಮಿ.ಮೀ. 13 ಇಂಚು. ನಿಮ್ಮ ಕೋಚ್ ಪಾಪ ಏನು ಮಾಡುತ್ತದೆ? ಅಲ್ಲಿ ಹಳಿಗೆ ಜಾಯಿಂಟ್ ಇದೆಯಾ?

ಲೋಂಡಾ ಹುಡುಗ, ಡೊಂಬಿವಲಿ
ಇದೆ ಸರ್. ಬೇಕಾದ ಹಾಗೆ ಬಗ್ಗಿಸುವ ಎರಡು ಫ್ಲೆಕ್ಸ್ ಹಳಿ ಅಲ್ಲೇ ಸೇರುತ್ತವೆ. ಅದಕ್ಕಿಂತ ದೊಡ್ಡದು ಈಗ ಹೊಳೀತು. ಎಂಟು ಅಡಿ ಹಲಗೆ ಲಿಫ್ಟ್‌ನಲ್ಲಿ ಹಿಡಿಯಲಿಲ್ಲ. ನಾಲ್ಕು ಅಡಿಯ ಎರಡು ತುಂಡು ಮಾಡಿಸಿ ಮೇಲೆ ತಂದು ಜೋಡಿಸಿದ್ದೆ. ಆ ಹಲಗೆಗಳು ಸೇರುವ ಜಾಗವೂ ಅದೇ. ಬೆರಳಿಟ್ಟು ಸವರಿದೆ, ಒಂದು ಹಲಗೆಯ ಅಂಚು ಉಗುರಿಗೆ ತಾಗುವಷ್ಟು ಮೇಲೆ ಎದ್ದಿದೆ.

ಠಾಣೆಯ ಅಕ್ಕ
ಅದಕ್ಕೇ ಜೂನ್‌ನಲ್ಲಿ ಶುರುವಾಯಿತು! ಪ್ಲೈ ಯಾವುದು?

ಲೋಂಡಾ ಹುಡುಗ, ಡೊಂಬಿವಲಿ
ಸಾದಾ ಕಮರ್ಶಿಯಲ್. 12 ಮಿ.ಮೀ.

ಠಾಣೆಯ ಅಕ್ಕ
ನಮ್ಮ ಕಡೆ ಮಳೆಗಾಲಕ್ಕೆ ಅದು ಆಗಲ್ಲ ತಮ್ಮಾ. ಕಮರ್ಶಿಯಲ್ ಪ್ಲೈ ಮೇಲೆ ಐಎಸ್ 303 ಅಂತ ಇರುತ್ತದೆ, ಮರೀನ್ ಪ್ಲೈ ಮೇಲೆ ಐಎಸ್ 710. ತಗೊಳ್ಳುವಾಗ ಆ ಮುದ್ರೆ ಓದಿ ತಗೊಳ್ಳಿ. ಎಲ್ಲಕ್ಕಿಂತ ಮುಖ್ಯ ಕತ್ತರಿಸಿದ ಅಂಚು. ಪ್ಲೈ ನೀರು ಕುಡಿಯೋದು ಅಂಚಿನಿಂದ. ಮೇಲ್ಮೈಗೆ ಎಷ್ಟು ಬಣ್ಣ ಬಳಿದರೂ ಅಂಚು ಹಸಿಯಾಗಿ ಬಿಟ್ಟರೆ ಉಬ್ಬುತ್ತದೆ. ನಾನು ಅಂಚಿಗೆ ಎರಡು ಸಲ ವಾರ್ನಿಷ್ ಕುಡಿಸಿ, ಒಣಗಿದ ಮೇಲೆ ಆಯಿಲ್ ಪೇಂಟ್ ಹಚ್ಚುತ್ತೇನೆ. ಕೆಳಮೈಗೂ ಹಚ್ಚಬೇಕು. ಒಂದೇ ಮೈಗೆ ಹಚ್ಚಿದರೆ ಹಪ್ಪಳದ ಹಾಗೆ ಬಾಗುತ್ತದೆ.

ಮತ್ತೆ ಆ ಕಿಟಕಿ. ದಯವಿಟ್ಟು ಅಲ್ಲಿಂದ ಎತ್ತಿ. ಇರಚಲು ಹೊಡೆಯೋದು ಕಣ್ಣಿಗೆ ಕಾಣದಿದ್ದರೂ ತೇವ ಬರುತ್ತದೆ. ಹಿಂಬದಿಯಲ್ಲಿ ಹಳಿ ತಪ್ಪಿದರೆ ನಾಲ್ಕು ಅಡಿ ಕೈ ಚಾಚಿ ಎತ್ತೋಕೂ ಆಗಲ್ಲ. ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದರೆ ಒಬ್ಬರು ಅಡ್ಡಡ್ಡ ನಡೆಯಬಹುದು.

ಮಡಗಾಂವ್ ಶೆಟ್ಟಿ
ಅಕ್ಕ ಹೇಳಿದ್ದು ನೂರಕ್ಕೆ ನೂರು. ಇಲ್ಲಿ ಗೋವಾದಲ್ಲಿ ಉಪ್ಪು ಗಾಳಿ ಬೇರೆ. ನಾನು ಹಲಗೆಯನ್ನೇ ಬಿಟ್ಟೆ. ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ ಅದರ ಮೇಲೆ ಎರಡು ಇಂಚಿನ ಗಟ್ಟಿ ಫೋಮ್. ಎರಡು ಮಳೆಗಾಲ ಕಳೆಯಿತು, ಕೂದಲಷ್ಟೂ ಅಲುಗಿಲ್ಲ. ಒಂದೇ ಎಚ್ಚರಿಕೆ: ಫೋಮ್‌ಗೆ ಚಪ್ಪಲಿ ಅಂಟಿಸುವ ರಬ್ಬರ್ ಗೋಂದು ಹಚ್ಚಬೇಡಿ, ಕರಗಿ ಗುಂಡಿ ಬೀಳುತ್ತದೆ. ಬಿಳಿ ಫೆವಿಕಾಲೇ ಸಾಕು. ಒಣಗಲು ಒಂದು ದಿನ ಪೂರ್ತಿ ಬಿಡಿ.

ಮಾಟುಂಗಾ ವೈರಿಂಗ್
ಹಳಿ ಬಿಚ್ಚುವುದು ಹೇಗೂ ಬಿಚ್ಚುತ್ತೀರಿ. ಹಾಗಿದ್ದರೆ ಈ ಕೆಲಸವೂ ಮಾಡಿಬಿಡಿ.

ತಿರುವಿನಲ್ಲಿ ಜಾಯಿಂಟ್ ಬರುವುದಾದರೆ ಎರಡು ಫ್ಲೆಕ್ಸ್ ಹಳಿಯನ್ನು ನೇರವಾಗಿಟ್ಟು, ಮೊದಲು ಬೆಸುಗೆ ಹಾಕಿ, ಆಮೇಲೆ ಬಗ್ಗಿಸಬೇಕು. ಬಗ್ಗಿಸಿದ ಮೇಲೆ ಜೋಡಿಸಿದರೆ ತುದಿಗಳು ನೆಟ್ಟಗಾಗಲು ಎಳೆಯುತ್ತವೆ, ಅಲ್ಲೇ ಮೂಲೆ ಬೀಳುತ್ತದೆ. ನಿಮ್ಮ 16 ಬಂದದ್ದು ಹಾಗೆ. ಮರ ಉಬ್ಬಿದ್ದು ಅದನ್ನು ಜಾಸ್ತಿ ಮಾಡಿತು ಅಷ್ಟೇ.

ವೈರ್ ಎಷ್ಟು ಕಡೆ ಕೊಟ್ಟಿದ್ದೀರಿ? ಹಳಿ ತುದಿ ಸೇರಿಸುವ ಜಾಯಿನರ್ ನಂಬಿ ಕರೆಂಟ್ ಹರಿಸಬೇಡಿ. ಮಳೆಗಾಲದಲ್ಲಿ ಒಳಗೆ ಕಿಲುಬು ಹಿಡಿಯುತ್ತದೆ. ಕೆಳಗೆ ದಪ್ಪ ತಂತಿಯ ಒಂದು ಜೋಡಿ ಸುತ್ತ ಎಳೆದು, ಪ್ರತಿ ಮೂರು ಅಡಿಗೆ ಸಣ್ಣ ತಂತಿಯಿಂದ ಹಳಿಗೆ ಬೆಸೆಯಿರಿ. ಮುಂಬೈನ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಎಲ್ಲ ಸಿಗುತ್ತದೆ. ಡಿಸಿಸಿ (ಡಿಜಿಟಲ್ ನಿಯಂತ್ರಣ) ಇದ್ದರೆ ಐದು ರೂಪಾಯಿ ನಾಣ್ಯ ತಗೊಂಡು ಹಳಿ ಮೇಲೆ ಅಡ್ಡ ಇಡಿ. ಸುತ್ತಲೂ ಎಲ್ಲಿ ಇಟ್ಟರೂ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ತಕ್ಷಣ ಕಟ್ ಆಗಬೇಕು. ಒಂದು ಕಡೆ ಆಗದಿದ್ದರೂ ಅಲ್ಲಿ ವೈರ್ ಸಾಲದು ಅಂತ ಅರ್ಥ. ಹಾಗೇ ಬಿಟ್ಟರೆ ಒಂದು ದಿನ ಕೋಚ್ ಬಿದ್ದು ಶಾರ್ಟ್ ಆದಾಗ ಚಕ್ರ ಕಾದು ಪ್ಲಾಸ್ಟಿಕ್ ಕರಗುತ್ತದೆ. ನನ್ನ ಒಂದು ವ್ಯಾಗನ್ ಹಾಗೇ ಹೋಯಿತು.

ವಾಸ್ಕೋ ಮೀಟರ್‌ಗೇಜ್
ಹಳಿ ಒರೆಸೋದು ಯಾವುದರಿಂದ? ಮರಳು ಕಾಗದ ಅಂತೂ ಮುಟ್ಟಬೇಡಿ. ಗೀರು ಬೀಳುತ್ತದೆ, ಗೀರಿನಲ್ಲೇ ಕೊಳೆ ಕೂರುತ್ತದೆ. ನಾನು ಹಳೇ ಬನಿಯನ್ ತುಂಡಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸುತ್ತೇನೆ.

ಕೋಥ್ರುಡ್ ಎನ್‌ಸ್ಕೇಲ್
ಸೀಮೆಎಣ್ಣೆ ಫ್ಲ್ಯಾಟಿನ ಹಾಲ್‌ನಲ್ಲಿ? ವಾಸನೆ, ಬೆಂಕಿ ಭಯ. ಐಸೋಪ್ರೊಪೈಲ್ ಆಲ್ಕೋಹಾಲ್ ಸಾಕು.

ವಾಸ್ಕೋ ಮೀಟರ್‌ಗೇಜ್
ಆಲ್ಕೋಹಾಲ್‌ಗೇನು ಬೆಂಕಿ ಹತ್ತುವುದಿಲ್ಲವಾ? ಯಾವುದಾದರೂ ಕಿಟಕಿ ತೆಗೆದು, ಕರೆಂಟ್ ಆಫ್ ಮಾಡಿ ಒರೆಸಬೇಕು. ಆಲ್ಕೋಹಾಲ್ ಹಾಕಿದರೆ ನಮ್ಮಲ್ಲಿ ವಾರಕ್ಕೆ ಮತ್ತೆ ಕಪ್ಪಾಗುತ್ತಿತ್ತು. ಸೀಮೆಎಣ್ಣೆಗೆ ತಿಂಗಳು ಬರುತ್ತದೆ. ನನ್ನ ಅನುಭವ ಇದು.

ಕರ್ಜತ್ ಬ್ಯಾಂಕರ್
ತೂಕದ ಮಾತು ಅರ್ಧಕ್ಕೆ ಬಿಟ್ಟೆವು. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಶಿಫಾರಸು ಎಚ್‌ಓಗೆ ಹೀಗಿದೆ: ಮೊದಲು 1 ಔನ್ಸ್, ಆಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಿಮ್ಮ ಕೋಚ್ ಹತ್ತೂವರೆ ಇಂಚು. ಸುಮಾರು 180 ಗ್ರಾಂ ಬರಬೇಕು, ಇರುವುದು 112. ಆದರೆ ಅಷ್ಟೂ ತುಂಬಿದರೆ ಐದು ಕೋಚ್ ನಿಮ್ಮ ಏರು ಹತ್ತುವುದಿಲ್ಲ. 150 ಮಾಡಿ, ಐದಕ್ಕೂ ಒಂದೇ ತೂಕ ಇರಲಿ. ಭಾರ ನೆಲಕ್ಕೆ ಹತ್ತಿರ, ಎರಡು ಬೋಗಿಗಳ ನಡುವೆ ಸಮ ಹಂಚಿ.

ಮಡಗಾಂವ್ ಶೆಟ್ಟಿ
ಗಾಳಕ್ಕೆ ಕಟ್ಟುವ ಸೀಸದ ಗುಂಡು ಹಾಕಿ. ಮೀನು ಸಾಮಾನಿನ ಅಂಗಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ಸಿಗುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳಿಗೆ ಕೊಡಬೇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕಬ್ಬಿಣದ ನಟ್ಟೇ ವಾಸಿ.

ಅಂದಹಾಗೆ ನಿನ್ನೆ ರಾತ್ರಿ ದಾರ ಹಿಡಿದು ನನ್ನದೂ ಅಳೆದೆ. 22 ಇಂಚಿನ ತಿರುವು, ಎಲ್ಲ ಕಡೆ 9. ಮಗಳು ದಾರ ಹಿಡಿದಳು, ನಾನು ಸ್ಕೇಲ್. ಹನ್ನೆರಡು ಗಂಟೆ ಆಯಿತು, ಇಬ್ಬರಿಗೂ ಗೊತ್ತೇ ಆಗಲಿಲ್ಲ.

ನಿವೃತ್ತ ಪಿಡಬ್ಲ್ಯೂಐ, ಪಿಂಪ್ರಿ
ಶೆಟ್ರೆ, 9 ಸರಿಯಾದ ಸಂಖ್ಯೆ. ಭೇಷ್.

ಡೊಂಬಿವಲಿಯವರೇ, ಜಾಯಿಂಟ್ ಸರಿ ಮಾಡಿದರೂ ಎಡ ಆದ ತಕ್ಷಣ ಬಲ ಅನ್ನೋದು ಉಳಿಯುತ್ತದೆ. ಎರಡರ ನಡುವೆ ಒಂದು ಕೋಚ್ ಉದ್ದದ ನೇರ ಹಳಿ ಬೇಕು. ಇಲ್ಲದಿದ್ದರೆ ಒಂದು ಕೋಚ್‌ನ ಹಿಂದಿನ ತುದಿ ಎಡಕ್ಕೆ, ಅದರ ಹಿಂದೆ ಬರುವ ಕೋಚ್‌ನ ಮುಂದಿನ ತುದಿ ಬಲಕ್ಕೆ ಚಾಚಿ ಕಪ್ಲಿಂಗ್ ಅಡ್ಡಕ್ಕೆ ತಳ್ಳುತ್ತದೆ. 270 ಸಿಗದಿದ್ದರೆ 200 ಆದರೂ ಕೊಡಿ. ಸೇತುವೆಯನ್ನೇ ಆ ನೇರದ ಮೇಲೆ ತನ್ನಿ. ಜೊತೆಗೆ ತಿರುವಿನಲ್ಲಿ ಏರು ಸ್ವಲ್ಪ ಇಳಿಸಿ. ದೊಡ್ಡ ರೈಲಿಗೂ ಘಾಟಿಯಲ್ಲಿ ಹಾಗೇ ಮಾಡುತ್ತಾರೆ, ತಿರುವಿಗೆ ಏರು ಕಡಿತ ಅಂತ ಲೆಕ್ಕವೇ ಇದೆ.

ಲೋಂಡಾ ಹುಡುಗ, ಡೊಂಬಿವಲಿ
ಆದರೆ ಸರ್, ದೂಧಸಾಗರದ ಸೇತುವೆ ತಿರುವಿನಲ್ಲೇ ಇದೆಯಲ್ಲ. ನೇರ ಮಾಡಿದರೆ ಅಪ್ಪ ಏನಂತಾರೋ.

ಕೋಥ್ರುಡ್ ಎನ್‌ಸ್ಕೇಲ್
ಘಾಟಿಯ ಮೇಲಿನ ಕ್ಯಾಸಲ್‌ರಾಕ್‌ನಿಂದ ಕೆಳಗಿನ ಕುಳೇಂಗೆ 26 ಕಿ.ಮೀ. ಎಚ್‌ಓದಲ್ಲಿ ಸುಮಾರು 300 ಮೀಟರ್ ಆಗುತ್ತದೆ. ನೀವು ಅದನ್ನು ಎಂಟು ಅಡಿಗೆ ಇಳಿಸಿದ್ದೀರಿ. ಒಂದು ಸೇತುವೆ ನೇರ ಆದರೆ ಪರವಾಗಿಲ್ಲ ಸರ್. ಮೇಲಿನ ಬಂಡೆ, ಹಸಿರು, ನೀರು ಬೀಳುವ ರೀತಿ ಸರಿ ಬಂದರೆ ಅದು ದೂಧಸಾಗರವೇ. ಒಂದು ಭಾನುವಾರ ತಂದೆಯವರನ್ನು ಇಲ್ಲಿ ಕೋಥ್ರುಡ್‌ಗೆ ಕರ್ಕೊಂಡು ಬನ್ನಿ. ಕರ್ವೆ ರಸ್ತೆ ಹತ್ತಿರ ಜೋಶಿಯವರ ಕಿರು ರೈಲ್ವೆ ಸಂಗ್ರಹಾಲಯ ಇದೆ. 1998ರಿಂದ ನಡೀತಾ ಇದೆ. ಕೂತು ನೋಡಬಹುದು, ಮಂಡಿಗೆ ತ್ರಾಸಿಲ್ಲ.

ಠಾಣೆಯ ಅಕ್ಕ
ಅಪ್ಪನನ್ನೇ ಕೇಳಿಬಿಡಿ ತಮ್ಮಾ. ಊಹೆ ಯಾಕೆ?

ಲೋಂಡಾ ಹುಡುಗ, ಡೊಂಬಿವಲಿ
ಹನ್ನೊಂದು ದಿನ ಆಯಿತು, ಬರೆಯೋಕೆ ತಡವಾಯಿತು. ಕ್ಷಮಿಸಿ.

ಹಲಗೆ ಬಿಚ್ಚಿದೆ. ಉಬ್ಬಿದ ಅಂಚನ್ನು ಹತ್ರಿಯಲ್ಲಿ ಹೆರೆದು, ಅಕ್ಕ ಹೇಳಿದ ಹಾಗೆ ವಾರ್ನಿಷ್ ಕುಡಿಸಿದೆ. ಮರೀನ್ ಪ್ಲೈ ದೀಪಾವಳಿ ಬೋನಸ್ ಬಂದ ಮೇಲೆ. ಎರಡು ಹಲಗೆ ನಡುವೆ ನಾಲ್ಕು ಬೋಲ್ಟ್ ಹಾಕಿದೆ, ಮೊದಲು ಬರೀ ಎರಡಿತ್ತು. ಕೊನೆಯ ತಿರುವುಗಳನ್ನು 22 ಇಂಚು ಮಾಡಿದೆ. 1220 ಮಿ.ಮೀ. ಅಗಲದಲ್ಲಿ 1118 ಹೋಯಿತು, ಎರಡೂ ಕಡೆ 50 ಉಳಿಯಿತು. ಬೀಳದಿರಲಿ ಅಂತ ಅಂಚಿಗೆ ಅಕ್ರಿಲಿಕ್ ಪಟ್ಟಿ ನಿಲ್ಲಿಸಿದ್ದೇನೆ. ನಡುವೆ 220 ನೇರ ಸಿಕ್ಕಿತು.

ಅಪ್ಪನನ್ನು ಕೇಳಿದೆ. ಅವರು ಸೇತುವೆ ಬಗ್ಗೆ ಒಂದು ಮಾತೂ ಆಡಲಿಲ್ಲ. ದಾರ ನಾನು ಹಿಡೀತೀನಿ, ನೀನು ಓದು ಅಂದರು. ಕುರ್ಚಿ ಹಾಕಿ ಕೂರಿಸಿದೆ. ಕನ್ನಡಕ ಮೇಲೆತ್ತಿ, ಎರಡು ಹೆಬ್ಬೆರಳಲ್ಲಿ ದಾರ ಒತ್ತಿ ಹಿಡಿದಿದ್ದರು. ಪ್ರತಿ ಸಂಖ್ಯೆಯನ್ನೂ ನಾನು ಹೇಳಿದ ಮೇಲೆ ಅವರೂ ಒಮ್ಮೆ ಹೇಳಿ, ಪುಟ್ಟ ಡೈರಿಯಲ್ಲಿ ಬರೆದುಕೊಂಡರು. 9, 9, 9, 10, 9.

ಕೋಚ್ 150 ಗ್ರಾಂ. ನಲವತ್ತು ಸುತ್ತು ಓಡಿಸಿದೆವು. ಒಂದು ಸಲ ತಪ್ಪಿತು, ಅದು ಬೇರೆ ಜಾಗ, ನಾಲ್ಕನೇ ಕೋಚ್.

ಠಾಣೆಯ ಅಕ್ಕ
ನಾಲ್ಕನೆಯದರ ಚಕ್ರ ಅಳೆಯಿರಿ. ಒಂದೇ ಆಕ್ಸಲ್‌ನ ಎರಡು ಚಕ್ರದ ಒಳಮೈ ನಡುವೆ ಸುಮಾರು 14.4 ಮಿ.ಮೀ. ಇರಬೇಕು. ಕಡಿಮೆ ಇದ್ದರೆ ಪಾಯಿಂಟಿನಲ್ಲಿ, ಅಂದರೆ ಹಳಿ ಕವಲೊಡೆಯುವ ಜಾಗದಲ್ಲಿ, ಚಕ್ರ ಹಳಿ ಮೇಲೆ ಹತ್ತುತ್ತದೆ.

ಲೋಂಡಾ ಹುಡುಗ, ಡೊಂಬಿವಲಿ
14.1 ಇದೆ ಅಕ್ಕ! ಪಾಯಿಂಟಿನಲ್ಲೇ ತಪ್ಪಿದ್ದು. ಮೆಲ್ಲಗೆ ತಿರುಚಿ ಎಳೆದು ಸರಿ ಮಾಡಿದೆ.

ಒಂದು ಹೇಳೋದು ಮರೆತೆ. ಗಾಡಿ ಮೇಲಿನಿಂದ ಇಳಿಯುವ ಮೊದಲು ನಿಲ್ಲಿಸಬೇಕು, ಕ್ಯಾಸಲ್‌ರಾಕ್‌ನಲ್ಲಿ ಬ್ರೇಕ್ ನೋಡದೆ ಬಿಡೋ ಹಾಗಿಲ್ಲ ಅಂತ ಅಪ್ಪ ಹಟ ಹಿಡಿದಿದ್ದಾರೆ. ಅದಕ್ಕೆ ಈಗ ಸೇತುವೆಯ ಆಚೆ ಒಂದು ಸಣ್ಣ ಸ್ಟೇಷನ್ ಬೇಕು. ಎರಡು ಲೈನ್, ಒಂದು ಪಾಯಿಂಟ್. ಜಾಗ ಇರುವುದು 60 ಸೆಂಟಿಮೀಟರ್. ಹೇಗೆ ಕೂರಿಸಲಿ?

ವಾಸ್ಕೋ ಮೀಟರ್‌ಗೇಜ್
ನಕ್ಷೆ ಹಾಕಿ. ಹಲಗೆಯ ಅಂಚಿನಿಂದ ಅಳತೆ ಬರೆದು ಹಾಕಿ, ರಾತ್ರಿ ಕೂತು ನೋಡೋಣ.